ಮುಷ್ಟಿ ಅಂದ್ರ ನಿಲ್ಲಿಸು

ಹೊಂಬಳ ಮೇಡಂ ಬಂದ ಮೊದಲ ವಾರ
ಪ್ರಿನ್ಸಿಪಾಲರದು ಒಂದೇ ಪ್ರಶ್ನೆ:
"ಗ್ಯಾಸ್ ಸುಯ್ ಅಂದರ ಆಕಿಗೆ ತಿಳಿಯೂದು ಹೆಂಗ?"

ದಾವಲಸಾಬ ಮಾತಾಡಲಿಲ್ಲ.
ಬೆಟಗೇರಿ ಸಂತ್ಯಾಗ ಕೆಂಪು ಬಲ್ಬೊಂದು ಕೊಂಡು
ಕರಿಹಲಗಿ ಮ್ಯಾಲ ತೂಗಿಬಿಟ್ಟ,
ಮೇಜಿಗೊಂದು ಸ್ವಿಚ್ಚು.
ವೈರು ಸಾಲದ್ದಕ್ಕ ತನ್ನ ಸೈಕಲ್ ಡೈನಮೋದ್ದನ್ನ ಬಿಚ್ಚಿದ.
ಬಿಲ್ಲು ಇನ್ನೂ ಆಫೀಸಿನಾಗ ಐತಿ.

ನಾವು ಕಲಿತದ್ದು ತಡವಾಗಿ:
ಕಿಟಕಿಗೆ ಬೆನ್ನು ಕೊಟ್ಟು ಮಾತಾಡಬಾರದು,
ಗದಗಿನ ಬಿಸಿಲಾದರೂ
ತುಟಿ ಕತ್ತಲಾಗತೈತಿ.
ಅವರು ಬ್ಯುರೆಟ್ ನೋಡುವಾಗ ಏನೂ ಕೇಳಬಾರದು,
ಒಂದು ಜೋಡಿ ಕಣ್ಣು ಎರಡು ಕೆಲಸಕ್ಕಿಲ್ಲ.
ಒಬ್ಬರಾದ ಮ್ಯಾಲ ಒಬ್ಬರು.
ಅಷ್ಟ.

ನನಗಂತೂ ಹೊಸದಲ್ಲ.
ನಮ್ಮನಿ ನಾಲ್ಕೂ ಮಗ್ಗ ಒಟ್ಟಿಗೆ ಹೊಡಕೊಂಡಾಗ
ಅವ್ವ ಕೈಯಾಗ ಮಾತಾಡ್ತಿದ್ದಳು:
ಎರಡು ಬೆರಳು ಅಂದ್ರ ನೂಲು ಹರಿದೈತಿ,
ಅಂಗೈ ತುಟಿಗೆ ಹೋದರ ಚಾ,
ಮುಷ್ಟಿ ಅಂದ್ರ ನಿಲ್ಲಿಸು.
ಆ ಮುಷ್ಟಿ ಮೇಡಮ್ಮಿಗೆ ಹಿಡಿಸಿತು,
ಈಗ ಇಡೀ ಲ್ಯಾಬಿನದು.

ಮೊನ್ನೆ ಟೈಟ್ರೇಷನ್.
ಎಲ್ಲರ ಫ್ಲಾಸ್ಕೂ ಹದ ತಪ್ಪಿ ರಾಣಿ ಬಣ್ಣ.
ಮೇಡಂ ನನ್ನ ಎದುರು ನಿಂತರು.
ಹನಿ.
ಮತ್ತೊಂದು ಹನಿ.
ಮುಷ್ಟಿ.
ಬಿಳಿ ಟೈಲಿನ ಮ್ಯಾಲ
ಐತೋ ಇಲ್ಲೋ ಅನ್ನುವಷ್ಟು ಗುಲಾಬಿ.

ಹಿಂದ ಯಾರದೋ ಬೀಕರ್ ಬಿತ್ತು.
ನಾವೆಲ್ಲ ತಿರುಗಿದಿವಿ.
ಅವರು ಕಣ್ಣು ಕೀಳದೆ
ಹತ್ತೊಂಬತ್ತು ಪಾಯಿಂಟ್ ಆರು ಅಂತ ಬರೆದುಕೊಂಡರು.
ಆಮ್ಯಾಲ ಕೆಂಪು ದೀಪ ಹತ್ತಿತು,
ಕಸಬರಿಗಿ ಹಿಡಿದು ಹೋದವರು
ಅವರ ಮೊದಲು.