ನೊರಜು

ರೀಗಾದಲ್ಲಿ ಫೆಬ್ರವರಿ. ಹೊಳೆ ಕಲ್ಲಾಗಿ ಮಲಗಿದೆ.
ನಾಲ್ಕನೇ ಮಹಡಿಯ ಅಡುಗೆಮನೆ ಕಿಟಕಿಯಲ್ಲಿ
ವೆಲ್ಗಾಳ ಮೂರು ಕುಂಡ: ಸಬ್ಬಸಿಗೆ, ಪಾರ್ಸ್ಲಿ,
ಹಳದಿಗೆ ತಿರುಗಿದ ಬೇಸಿಲ್.

ಮುಟ್ಟಿದರೆ ಸಾಕು, ಮಣ್ಣಿಂದೇಳುತ್ತವೆ ನೊರಜು
ಯಾರೋ ಕರಿಮೆಣಸಿನ ಪುಡಿ ಊದಿದ ಹಾಗೆ;
ಕಾಫಿಯಲ್ಲೊಂದು, ಕನ್ನಡಕದೊಳಗೊಂದು.

ಅಂಟಿನ ಹಳದಿ ಕಾಗದ ನೆಟ್ಟಳು. ಒಂದೇ ದಿನಕ್ಕೆ ಕಪ್ಪಾಯಿತು.
ಬಟ್ಟಲಲ್ಲಿ ವಿನೆಗರ್ ಇಟ್ಟಳು. ಕುಡಿದು ಸತ್ತವು ಕೆಲವು,
ಮಿಕ್ಕವು ಮದುವೆಯಾದವು.
ಆಲೂಗಡ್ಡೆಯ ಬಿಲ್ಲೆ ಮಣ್ಣಿಗೊತ್ತಿಟ್ಟು
ಬೆಳಗ್ಗೆ ಮಗುಚಿದರೆ
ಕರಿತಲೆಯ, ಗಾಜಿನ ಮೈಯ ಮರಿಹುಳು.
ಎಣಿಸಿದಳು: ಹದಿನೇಳು.

‘ನೀರು ನಿಲ್ಲಿಸಮ್ಮ’ ಅಂದಳು ಬೀಜದಂಗಡಿಯ ಮುದುಕಿ,
‘ಬೆರಳ ಗೆಣ್ಣಿನಷ್ಟು ಒಣಗಲಿ.’
ನಿಲ್ಲಿಸಿದಳು. ವಾರವಾಯಿತು.
ಮಣ್ಣು ಮಾತ್ರ ಒದ್ದೆ.

ರಾತ್ರಿ ಒಂದಕ್ಕೆ ದೀಪ ಹಾಕಿದಳು.
ಟ್ರಾಲಿಬಸ್ಸಿನ ಪಾಳಿ ಮುಗಿಸಿ ಬಂದ ತಾಲಿವಲ್ದಿಸ್
ಕೋಟೂ ಬಿಚ್ಚದೆ
ಹಲ್ಲುಜ್ಜುವ ಲೋಟದಲ್ಲಿ
ಬೇಸಿಲಿಗೆ ನೀರು ಹನಿಸುತ್ತಿದ್ದಾನೆ.

ಹೊಸವರ್ಷದ ಜಗಳದ ಮೇಲೆ ಮಾತು ಸತ್ತ ಮನೆ.

‘ನೀನು ಹಾಕ್ತಿಲ್ಲ ಅಂದುಕೊಂಡೆ.’
‘ನಾನೂ.’

ಒಂದು ನೊರಜು ಅವಳ ಹುಬ್ಬಿನ ಮೇಲೆ ಕೂತಿತು.
ಹೊಡೆಯಲೆಂದು ಕೈ ಎತ್ತಿದವನು
ಇಳಿಸಿ, ಬಗ್ಗಿ,
ಮೆಲ್ಲಗೆ ಊದಿದ.