ಹೊರರೋಗಿ ಚೀಟಿ

ಅರಸೀಕೆರೆ ತಾಲ್ಲೂಕು ಆಸ್ಪತ್ರೆ, ಕೋಣೆ ನಂಬರ್ ಮೂರು.
ಬರುವಾ ಡಾಕ್ಟರು ಅಸ್ಸಾಮಿನವರು. ಕನ್ನಡ ಬರುವುದು
‘ಉಸಿರು ಎಳೀರಿ, ಬಿಡಿ’ ಅನ್ನುವಷ್ಟು.
ಉಳಿದದ್ದಕ್ಕೆ ನಾನಿದ್ದೇನೆ, ಸಿಸ್ಟರ್ ಇಂದ್ರಾಣಿ,
ಡಿಪ್ಲೊಮಾದ ಇಂಗ್ಲಿಷು,
ಡ್ರಾಯರಿನಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು.

ಸುಸ್ತು, ಬಳಲಿಕೆ, ನಿತ್ರಾಣ,
ಕೈಕಾಲು ಸೋಲು, ಜೀವ ಜಾರಿದಂಗೆ,
ಮೈಯೆಲ್ಲ ಹಿಂಡಿ ಒಣಹಾಕಿದಂಗೆ –
ಎಲ್ಲಕ್ಕೂ ಒಂದೇ: ವೀಕ್‌ನೆಸ್.
ಅಷ್ಟು ಹೊತ್ತು ಹೇಳಿಕೊಂಡವರು ನನ್ನ ಒಂದು ಪದ ಕೇಳಿ
‘ಅಷ್ಟೇನಾ?’ ಅಂತ ನೋಡುತ್ತಾರೆ,
ಸಂತೆಯಲ್ಲಿ ತೂಕಕ್ಕೆ ಮೋಸಹೋದವರ ಹಾಗೆ.

ಫಿಟ್ ಅಂದರೆ ಗುಂಡುಕಲ್ಲು.
ಬಾಲಕ್ಕೊಂದು ಸ ಅಂಟಿದರೆ ಅದೇ ಮೂರ್ಛೆರೋಗ,
‘ಕೈಗೆ ಕಬ್ಬಿಣ ಕೊಡಿ’ ಅಂತ ಕೂಗುತ್ತಾ ಓಡಿಬರುತ್ತಾರೆ.
ಡಾಕ್ಟರು ಕಲಿಸಿದ್ದು: ಮೈ ಸರಿಯಿಲ್ಲದಿದ್ದರೆ
ಅಂಡರ್ ದ ವೆದರ್. ಹವೆಯ ಕೆಳಗೆ.
‘ಸರ್, ಕಣಕಟ್ಟೆಯಲ್ಲಿ ಎಲ್ಲರೂ ಅದರ ಕೆಳಗೇ’ ಅಂದೆ.
ನಕ್ಕರು. ನಾನು ಬರೆದುಕೊಂಡೆ.

ಮಂಗಳವಾರ ಈರಕೆಂಚಮ್ಮ ಬಂದಳು,
ಸೆರಗಿನ ತುದಿಯ ಗಂಟಿನಲ್ಲಿ ಬಸ್ಸಿನ ಚಿಲ್ಲರೆ.
‘ಹೊಟ್ಟೆ ಹಸೀತದೆ ಕಣವ್ವ. ಊಟ ಸೇರಕಿಲ್ಲ.’
ಲಾಸ್ ಆಫ್ ಆಪಿಟೈಟ್, ಅಂದೆ ಸಲೀಸಾಗಿ.
‘ಹಸಿವು?’ ಅಂದರು. ಯೆಸ್ ಸರ್.
‘ಹಾಗಾದರೆ ಆಪಿಟೈಟ್ ಇದೆ.’ ನೋ ಸರ್.
ಪೆನ್ನು ಚೀಟಿಯ ಮೇಲೆ ನಿಂತಿತು:
ಹೌದು, ಇಲ್ಲ – ಇರುವುದು ಎರಡೇ ಚೌಕ.

ಸೇರುವುದು. ನೀರು ಕೆರೆಗೆ ಸೇರುತ್ತದೆ,
ಮಗು ಶಾಲೆಗೆ ಸೇರುತ್ತದೆ,
ಅನ್ನ ಎಲ್ಲಿಗೆ ಸೇರಬೇಕು? ಏನಂತ ಹೇಳಲಿ?
ಅವಳೇ ಬಿಡಿಸಿದಳು:
‘ನಮ್ಮ ವಾರಗಿತ್ತಿ ಹೋಗಿ ಮೂರು ತಿಂಗಳಾಯ್ತು.
ನಲವತ್ತು ವರ್ಸ ಉಪ್ಪಿಗೆ, ಹುಳಿಗೆ
ಜಗಳಾಡ್ಕೊಂಡೇ ಉಂಡೋರು ನಾವು.
ಈಗ ಸಾರಿಗೆ ಉಪ್ಪು ಸರ್ಯಾಗೇ ಬೀಳ್ತದೆ.
ಏನ್ ರುಚಿ ಅದ್ರಾಗೆ?’

ಇಂಗ್ಲಿಷಿಗೆ ತಂದೆ. ಉದ್ದವಾಯಿತು,
ಎರಡು ಕಡೆ ವ್ಯಾಕರಣ ಎಡವಿತು.
ಡಾಕ್ಟರು ಸುಮ್ಮನಿದ್ದರು.
ಬಿಪಿ ನಾರ್ಮಲ್, ಶುಗರ್ ನಾರ್ಮಲ್,
ಬಿ ಕಾಂಪ್ಲೆಕ್ಸ್ ಹದಿನೈದು ದಿನಕ್ಕೆ.
ಚೌಕಗಳೆರಡೂ ಖಾಲಿ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎದುರೇ ಕೂತಿದ್ದರು.
ಮುದ್ದೆ ಆರಿ ಬಿರಿಯುತ್ತಿತ್ತು, ಸೊಪ್ಪಿನ ಸಾರು ಮುಟ್ಟಿರಲಿಲ್ಲ.
‘ಹುಷಾರಿಲ್ವಾ ಸರ್?’
ತಡೆದರು. ಒಂದೊಂದೇ ಅಕ್ಷರ ಹುಡುಕಿ ಪೋಣಿಸಿ
ಕನ್ನಡದಲ್ಲೇ ಅಂದರು:
‘ಸೇ... ಸೇರ್ತಾ ಇಲ್ಲ, ಸಿಸ್ಟರ್.’

ತಿದ್ದುವಂಥದ್ದೇನೂ ಇರಲಿಲ್ಲ.
ನನ್ನ ಡಬ್ಬಿಯ ಮಾವಿನಕಾಯಿ ಉಪ್ಪಿನಕಾಯಿ
ಅವರ ತಟ್ಟೆಗೆ ಬಡಿಸಿದೆ –
ಉಪ್ಪು ಜಾಸ್ತಿ ಅಂತ ಬೈಯಲಿ, ಒಂದು ಸಲ.