ಎರಡಕ್ಷರದ ಜಾಗ

ಬರ್ನ್‌ಲಿ. ರಾತ್ರಿ ಹತ್ತೂ ಮುಕ್ಕಾಲು.
ಕಿಟಕಿಯ ಕೆಳಗೆ ಕಾಲುವೆಯ ನೀರು ಕದಲುತ್ತಿಲ್ಲ.
ಹಳೆಯ ಬ್ಯಾಂಕಿನ ಮೇಲಂತಸ್ತು ನಮ್ಮ ಕಚೇರಿ;
ಖಜಾನೆಯಿದ್ದ ಕೋಣೆಯಲ್ಲೀಗ ಚಹದ ಕೆಟಲ್.
ಮುಖಪುಟದ ತಲೆಬರಹ ನನ್ನ ಪಾಲಿಗೆ:
ಒಂದು ಸಾಲಿಗೆ ಇಪ್ಪತ್ತೆರಡಕ್ಷರ,
ನಡುವಿನ ಖಾಲಿಯೂ ಲೆಕ್ಕಕ್ಕೆ.

ಮಧ್ಯಾಹ್ನ ಗ್ರಂಥಾಲಯದ ಮೆಟ್ಟಿಲಲ್ಲಿ
ಒಬ್ಬ ಚಾಕು ತೆಗೆದ.
ಪುಸ್ತಕ ವಾಪಸು ಕೊಡಲು ಬಂದ ಹೆಂಗಸು ಸತ್ತಳು.
ಅವನೂ ಸತ್ತ, ಹತ್ತು ನಿಮಿಷಕ್ಕೆ, ಪೊಲೀಸರ ಗುಂಡಿಗೆ.
ಫೋನಿನೊಳಗೆ ಸಿಕ್ಕಿದ್ದನ್ನು ಆರಕ್ಕೇ ಓದಿ ಹೇಳಿದ್ದರು:
ಪ್ರತಿಜ್ಞೆ, ಪತಾಕೆ, ಸ್ವರ್ಗದ ವಿಳಾಸ.

ಸಂಪಾದಕ ಕೀತ್ ಕನ್ನಡಕ ಒರೆಸುತ್ತ ಅಂದ:
"ಚಾಕು ಹಿಡಿದವ ಅಂತಿರಲಿ. ಸಾಕು.
ನಾಳೆ ಯಾರದೋ ಅಂಗಡಿಯ ಗಾಜು ಒಡೆದರೆ
ಆ ಕಲ್ಲು ನಮ್ಮ ಕೈಯದಾಗುತ್ತದೆ."
ಒಳ್ಳೆಯವನು. ಹೋದ ಸಲ ಒಡೆದ ಗಾಜನ್ನು
ತಾನೇ ಗುಡಿಸಿದ್ದ, ಫೋಟೋ ತೆಗೆಸಿಕೊಳ್ಳದೆ.

ಡಂಕನ್ ಕುರ್ಚಿ ತಿರುಗಿಸಿದ:
"ಜನಕ್ಕೆ ಕಣ್ಣಿದೆ. ಮುಸ್ಲಿಂ ಅಂತ ಹಾಕಿ.
ಲಂಡನ್ನಿನವರು ಆಗಲೇ ಹಾಕಿಯಾಯಿತು,
ನಮಗೊಬ್ಬರಿಗೇ ಏನು ಮಡಿ?"

ನಾನು ಬೆರಳೆಣಿಸಿದೆ.
ಇಂಗ್ಲಿಷಿನಲ್ಲಿ 'ಮುಸ್ಲಿಂ' ಆರಕ್ಷರ, ಸಾಲಿಗೆ ಹಿಡಿಸುತ್ತದೆ.
'ಇಸ್ಲಾಮಿಸ್ಟ್' ಎಂಟು. ಎರಡು ಹೊರಗೆ ಚಾಚುತ್ತವೆ,
ತುಂಬಿದ ಬಸ್ಸಿನ ಬಾಗಿಲಲ್ಲಿ ಜೋತ ಕಾಲಿನ ಹಾಗೆ.
ಒಂದು ಬೀದಿಯ ಜನವೆಲ್ಲ
ಒಬ್ಬ ಕೊಲೆಗಾರನಿಂದ ಬೇರೆಯಾಗುವುದು
ಆ ಎರಡಕ್ಷರದ ಸಂದಿನಲ್ಲಿ.

ತಸ್ನೀಮ್ ಕ್ರೀಡಾಪುಟ ಬಿಟ್ಟು ಎದ್ದು ಬಂದಳು.
ಪಕ್ಕದ ನೆಲ್ಸನ್ ಊರಿನವಳು;
ಅಜ್ಜ ಮಿರ್ಪುರದಿಂದ ಗಿರಣಿಗೆ ಬಂದವನು.
ಸೋದರಮಾವ ಮದುವೆಮನೆಗಳಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ.
ನಾಲ್ಕು ಹುಡುಗರು ಬಾಗಿಲಿಗೆ ಬಂದು
ಹರಾಮ್ ಎಂದು ಬೆರಳು ತೋರಿಸಿ ಹೋದ ಮೇಲೆ
ಪೆಟ್ಟಿಗೆ ಮಂಚದ ಕೆಳಗೆ ಸೇರಿತು.
ಅದನ್ನವಳು ಬರೆದಿದ್ದಳು. 'ಸೂಕ್ಷ್ಮ ವಿಷಯ' ಅಂದಿದ್ದ ಕೀತ್.
ಇನ್ನೂ ಅಚ್ಚಾಗಬೇಕು.

"ಅವರಿಗೊಂದು ಹೆಸರಿದೆ. ಅದನ್ನೇ ಬರೆಯಿರಿ.
ಕೀತ್, ನೀನು ಬಿಟ್ಟ ಹೆಸರು ಗಾಳಿಯಲ್ಲಿ ಕರಗುವುದಿಲ್ಲ,
ಬೆಳಗಾಗುವುದರೊಳಗೆ ನನ್ನಪ್ಪನ ಗಡ್ಡಕ್ಕೆ ಅಂಟುತ್ತದೆ.
ಡಂಕನ್, ನೀನಂತೂ ಇವತ್ತೇ ಅಂಟಿಸುತ್ತಿದ್ದೀಯ."
ದನಿ ಏರಿಸಲಿಲ್ಲ.
ಕೆಟಲ್ ಕುದಿದು ತಾನೇ ಆರಿತು.

ಗದಗಿನ ಛಾಪಖಾನೆಯಲ್ಲಿ ಅಪ್ಪ ಮೊಳೆ ಜೋಡಿಸುತ್ತಿದ್ದ.
ಉಗುರ ಸಂದಿಯ ಸೀಸದ ಕಪ್ಪು ಕೆರೆಯುತ್ತ ಹೇಳುತ್ತಿದ್ದ:
"ಹಿಡೀಲಾರದ ಪದಾ ಕತ್ತರಸಬ್ಯಾಡ ತಮ್ಮಾ,
ಸಾಲನ್ನ ಸಣ್ಣ ಮೊಳಿಯಾಗ ಕಟ್ಟು."
ನಾಲ್ಕು ಪಾಯಿಂಟು ಇಳಿಸಿದೆ. ಎಂಟೂ ಕೂತವು.
ಕೀತ್ ಬಹಳ ಹೊತ್ತು ನೋಡಿ ಸಹಿ ಹಾಕಿದ.
"ಇರುವೆ ಸಾಲು, ಯಾರು ಓದುತ್ತಾರೆ," ಅಂದ ಡಂಕನ್.
ಗೆದ್ದವನ ಹಾಗೆ ಕೊನೆಯ ಬಸ್ಸು ಹತ್ತಿದೆ.

ಬೆಳಿಗ್ಗೆ ಮೂರು ಫೋನು.
ಒಬ್ಬರು ಹೇಡಿಗಳು ಅಂದರು, ಒಬ್ಬರು ದ್ವೇಷಿಗಳು ಅಂದರು,
ಅದೇ ಪುಟ ಕೈಯಲ್ಲಿ ಹಿಡಿದು.
ಮೂರನೆಯವಳು ಸತ್ತವಳ ತಂಗಿ. ಬೈಯಲಿಲ್ಲ.
"ಎನಿಡ್ ಹ್ಯಾಲಿವೆಲ್. ನಡುವೆ ಎರಡು ಎಲ್ ಬರಬೇಕು.
ನೀವು ಒಂದೇ ಹಾಕಿದ್ದೀರಿ."

ಐದನೆಯ ಪುಟ. ಅಲ್ಲಿ ಬೇಕಾದಷ್ಟು ಜಾಗವಿತ್ತು.
ನಾಲ್ವರೂ ಓದಿದ್ದೆವು ಅದನ್ನು.
ಒಬ್ಬರೂ ಎಣಿಸಿರಲಿಲ್ಲ.

ತಿದ್ದುಪಡಿ ಬರೆದೆ, ಎರಡನೆಯ ಪುಟದ ತಳಕ್ಕೆ,
ಹವಾಮಾನದ ಕೆಳಗೆ, ಅತಿ ಸಣ್ಣ ಮೊಳೆಯಲ್ಲಿ.
ನನ್ನ ಭಾಷೆಯಲ್ಲಾಗಿದ್ದರೆ ಅವಳ ಎರಡನೆಯ ಲಕಾರ
ಒತ್ತಾಗಿ ಮೊದಲನೆಯದರ ಅಡಿಗೆ ಸರಿದು
ತೆಪ್ಪಗೆ ಕೂತುಬಿಡುತ್ತಿತ್ತು,
ಸಾಲಿನಲ್ಲಿ ಜಾಗವನ್ನೇ ಕೇಳದೆ.